ಐಸ್ ಡ್ಯಾನ್ಸ್ ಕಂಪೋಸ್ ಮಾಡೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಐಸ್ ಡ್ಯಾನ್ಸ್ ಬಗ್ಗೆ ಪ್ರಶ್ನೆ ಇದ್ರೆ ಕಳಿಸಿ ಅಂತ ಕೇಳಿದ್ವಿ, ಪತ್ರಗಳು ಮೈಸೂರಿಂದ ಮಿಶಿಗನ್‌ವರೆಗೂ ಬಂದಿವೆ, ತುಂಬಾ ಖುಷಿ ಆಯ್ತು. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವಳು ನಾನು, ಈಗ ಟೊರಾಂಟೊ ಹತ್ರದ ಒಂದು ರಿಂಕ್‌ನಲ್ಲಿ ಕೋಚ್‌ಗಳ ಜೊತೆ ಕೂತು ಚಿಕ್ಕ ಜೋಡಿಗಳಿಗೆ ಡ್ಯಾನ್ಸ್ ಕಂಪೋಸ್ ಮಾಡೋಕೆ ಸಹಾಯ ಮಾಡ್ತೀನಿ. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೈ, ಡ್ರೆಸ್ಸು, ಹಾಡು, ಇದರ ಬಗ್ಗೇನೇ ಇದ್ವು, ಆದ್ರೆ ನನ್ನ ಉತ್ತರ ತಿರುಗಿ ತಿರುಗಿ ಕಾಲಿಗೇ ಬರುತ್ತೆ, ಯಾಕಂದ್ರೆ ಈ ಡ್ಯಾನ್ಸ್ ಶುರುವಾಗೋದೇ ಬ್ಲೇಡ್ ಕೆಳಗಡೆಯಿಂದ.

ಪ್ರಶ್ನೆ: ಮೇಡಂ, ವಿಂಟರ್ ಒಲಿಂಪಿಕ್ಸ್‌ನಲ್ಲಿ ಪೇರ್ ಸ್ಕೇಟಿಂಗ್ ಅಂತ ಒಂದು, ಐಸ್ ಡ್ಯಾನ್ಸ್ ಅಂತ ಇನ್ನೊಂದು ತೋರಿಸ್ತಾರೆ. ಎರಡರಲ್ಲೂ ಒಬ್ಬ ಹುಡುಗ ಒಬ್ಬಳು ಹುಡುಗಿ. ವ್ಯತ್ಯಾಸ ಏನು?
— ನಿವೃತ್ತ ಮೇಷ್ಟ್ರು, ಮೈಸೂರು

ಸರ್, ನೋಡಿದ ತಕ್ಷಣ ಗುರುತು ಹಿಡಿಯೋಕೆ ಸುಲಭ. ಹುಡುಗಿಯನ್ನ ತಲೆ ಮೇಲೆ ಎತ್ತಿದ್ರೆ, ಗಾಳಿಗೆ ಎಸೆದ್ರೆ, ಇಬ್ಬರೂ ಎರಡು ಮೂರು ಸುತ್ತಿನ ಜಂಪ್ ಹೊಡೆದ್ರೆ ಅದು ಪೇರ್ ಸ್ಕೇಟಿಂಗ್. ಐಸ್ ಡ್ಯಾನ್ಸ್‌ನಲ್ಲಿ ಎತ್ತೋನ ಕೈ ಅವನ ತಲೆಗಿಂತ ಮೇಲೆ ಹೋಗೋ ಹಾಗಿಲ್ಲ, ಎಸೆಯೋದಂತೂ ಇಲ್ಲವೇ ಇಲ್ಲ, ಜಂಪ್ ಅಂತ ಇದ್ರೂ ಒಂದು ಸುತ್ತಿಗಿಂತ ಹೆಚ್ಚಿಲ್ಲ. ಇಲ್ಲಿ ನೋಡೋದು ಇಬ್ಬರೂ ಎಷ್ಟು ಹತ್ರ ಇದ್ದು ಎಷ್ಟು ವೇಗದಲ್ಲಿ, ತಾಳ ತಪ್ಪದೆ, ಎಷ್ಟು ಕಷ್ಟದ ಹೆಜ್ಜೆ ಹಾಕ್ತಾರೆ ಅನ್ನೋದನ್ನ. ಒಲಿಂಪಿಕ್ಸ್‌ಗೆ ಇದು ಸೇರಿದ್ದು ತಡವಾಗಿ, 1976ರ ಇನ್ಸ್‌ಬ್ರುಕ್‌ನಲ್ಲಿ, ಮೊದಲ ಚಿನ್ನ ಸೋವಿಯತ್ ಜೋಡಿ ಪಖೊಮೊವಾ ಮತ್ತು ಗೋರ್ಶ್‌ಕೊವ್‌ಗೆ. ಈಗ ಸ್ಪರ್ಧೆಯಲ್ಲಿ ಎರಡು ಭಾಗ. ರಿದಮ್ ಡ್ಯಾನ್ಸ್‌ಗೆ 2 ನಿಮಿಷ 50 ಸೆಕೆಂಡು, ಅದರ ಥೀಮ್ ಪ್ರತಿ ಸೀಸನ್‌ಗೂ ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಸ್ಥೆಯೇ ಕೊಡುತ್ತೆ, 2023-24ಕ್ಕೆ ಎಂಬತ್ತರ ದಶಕದ ಸಂಗೀತ ಕೊಟ್ಟಿದ್ರು, 2025-26ಕ್ಕೆ ತೊಂಬತ್ತರ ದಶಕ. ಇನ್ನೊಂದು ಫ್ರೀ ಡ್ಯಾನ್ಸ್, ಸೀನಿಯರ್‌ಗಳಿಗೆ 4 ನಿಮಿಷ, ಹಾಡೂ ಕಥೆಯೂ ನಮ್ಮ ಆಯ್ಕೆ. ಕಂಪೋಸ್ ಮಾಡೋರಿಗೆ ಮನಸ್ಸು ಬಿಚ್ಚಿ ಕೆಲಸ ಮಾಡೋಕೆ ಸಿಗೋದು ಇದರಲ್ಲೇ.

ಪ್ರಶ್ನೆ: ನಾನು ಭರತನಾಟ್ಯ ಟೀಚರ್. ಅಮೆರಿಕದಲ್ಲಿರೋ ನನ್ನ ಅಕ್ಕನ ಮಗಳು ಐಸ್ ಡ್ಯಾನ್ಸ್ ಕಲೀತಿದ್ದಾಳೆ, ಅವಳಿಗೂ ಅವಳ ಪಾರ್ಟ್ನರ್‌ಗೂ ಭಾರತೀಯ ಶೈಲಿಯಲ್ಲಿ ಒಂದು ಫ್ರೀ ಡ್ಯಾನ್ಸ್ ಮಾಡಿಸಬೇಕಂತೆ, ವಿಡಿಯೊ ಕಾಲ್‌ನಲ್ಲಿ ಹೇಳಿಕೊಡು ಚಿಕ್ಕಮ್ಮ ಅಂತಿದ್ದಾಳೆ. ನಾನು ಮಂಜುಗಡ್ಡೆ ಮೇಲೆ ಕಾಲಿಟ್ಟವಳೇ ಅಲ್ಲ. ಎಲ್ಲಿಂದ ಶುರು ಮಾಡ್ಲಿ?
— ನೃತ್ಯ ಶಿಕ್ಷಕಿ, ಶಿವಮೊಗ್ಗ

ಟೀಚರ್, ನಿಮ್ಮ ಪತ್ರ ಓದಿ ತುಂಬಾ ಸಂತೋಷ ಆಯ್ತು, ನಿಮ್ಮಂಥವರು ಈ ಕೆಲಸಕ್ಕೆ ಬರ್ಬೇಕು. ಇದು ಮೊದಲ ಸಲ ಆಗ್ತಿರೋದೂ ಅಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಜೋಡಿ ಹಿಂದಿ ಸಿನಿಮಾ ಹಾಡಿಗೆ ಕುಣಿದಿದ್ರು, ‘ದೇವದಾಸ್’ ಮತ್ತು ‘ಬಂಟಿ ಔರ್ ಬಬ್ಲಿ’ ಹಾಡುಗಳನ್ನ ಸೇರಿಸಿದ್ದು. ಆ ವರ್ಷ ಒರಿಜಿನಲ್ ಡ್ಯಾನ್ಸ್ ಅಂತ ಇದ್ದ ಭಾಗಕ್ಕೆ ಜಾನಪದ ಶೈಲಿ ಅನ್ನೋ ಥೀಮ್ ಇತ್ತು. ಅವರು ಭಾರತೀಯ ನೃತ್ಯ ಗೊತ್ತಿರೋರ ಹತ್ರ ಕೂತು ಕಲಿತು ಮಾಡಿದ್ದಕ್ಕೆ ಭಾರತದವರೂ ಆ ವಿಡಿಯೊವನ್ನ ಪ್ರೀತಿಯಿಂದ ನೋಡಿದ್ರು, ಜೋಡಿಗೆ ಒಟ್ಟಾರೆ ಬೆಳ್ಳಿ ಬಂತು. ಅದೇ ಸೀಸನ್‌ನಲ್ಲಿ ರಷ್ಯಾದ ಡೊಮ್ನಿನಾ ಮತ್ತು ಶಬಾಲಿನ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ಹೆಸರಲ್ಲಿ ಒಂದು ಡ್ಯಾನ್ಸ್ ಮಾಡಿದ್ರು, ಆ ಸಮುದಾಯದ ಮುಖಂಡರೇ ಬೇಸರ ಮಾಡ್ಕೊಂಡ್ರು, ಒಲಿಂಪಿಕ್ಸ್‌ಗೆ ಬರೋ ಹೊತ್ತಿಗೆ ಡ್ರೆಸ್ ಬದಲಾಯಿಸ್ಬೇಕಾಯ್ತು. ಗೊತ್ತಿರೋರನ್ನ ಕೇಳಿ ಮಾಡೋದಕ್ಕೂ ವೇಷ ಮಾತ್ರ ಹಾಕೊಂಡು ಬರೋದಕ್ಕೂ ಎಷ್ಟು ದೂರ ಅಂತ ಆ ಒಂದೇ ವರ್ಷದಲ್ಲಿ ಕಾಣಿಸ್ತು. ನಿಮ್ಮ ಅಕ್ಕನ ಮಗಳು ನಿಮ್ಮನ್ನ ಕೇಳಿದ್ದು ಒಳ್ಳೇದಾಯ್ತು.

ಈಗ ಕೆಲಸಕ್ಕೆ ಬರೋಣ. ಅಡವು, ಜತಿ, ಮುದ್ರೆ ಎಲ್ಲಾ ಒಂದು ಪಕ್ಕಕ್ಕಿಡಿ. ಮೊದಲು ಅವರಿಬ್ಬರಿಗೂ ಹಾಡೇ ಇಲ್ಲದೆ ಸುಮ್ನೆ ಸ್ಕೇಟ್ ಮಾಡಿ ಅಂತ ಹೇಳಿ, ಅಕ್ಕನಿಗೆ ಮೊಬೈಲನ್ನ ಕಾಲಿನ ಮಟ್ಟದಲ್ಲಿ ಹಿಡ್ಕೊಂಡು ಶೂಟ್ ಮಾಡೋಕೆ ಹೇಳಿ, ಮುಖ ಬೇಡ. ಸ್ಕೇಟ್‌ನ ಬ್ಲೇಡ್ ಸುಮಾರು 4 ಮಿಲಿಮೀಟರ್ ದಪ್ಪ, ಅದರ ತಳ ನಡುವೆ ತಗ್ಗಾಗಿ ಕೊರೆದಿರುತ್ತೆ, ಹಾಗಾಗಿ ಎರಡು ಪಕ್ಕಕ್ಕೂ ಒಂದೊಂದು ಹರಿತವಾದ ಅಂಚು, ಒಳಗಡೇದು ಇನ್‌ಸೈಡ್ ಎಡ್ಜ್, ಹೊರಗಡೇದು ಔಟ್‌ಸೈಡ್ ಎಡ್ಜ್. ಒಂದು ಎಡ್ಜ್ ಮೇಲೆ ವಾಲಿದ್ರೆ ಸ್ಕೇಟ್ ನೇರ ಹೋಗಲ್ಲ, ಬಾಗುತ್ತೆ, ಜಾಸ್ತಿ ವಾಲಿದಷ್ಟೂ ತಿರುವು ಬಿಗಿ ಆಗುತ್ತೆ. ಐಸ್ ಡ್ಯಾನ್ಸ್‌ನ ಅಷ್ಟೂ ಹೆಜ್ಜೆಗಳು ಈ ಬಾಗೋದರಿಂದಲೇ ಬಂದಿದ್ದು. ತ್ರೀ ಟರ್ನ್, ಬ್ರಾಕೆಟ್, ರಾಕರ್, ಕೌಂಟರ್, ಮೊಹಾಕ್, ಚಾಕ್ಟಾ, ಟ್ವಿಜಲ್ (ಒಂದೇ ಕಾಲಿನ ಮೇಲೆ ಸುತ್ತುತ್ತಾ ಸಾಗೋದು) ಅಂತೆಲ್ಲ ಹೆಸರು ಕೇಳಿರ್ತೀರ. ಯಾವ ಎಡ್ಜ್‌ನಿಂದ ಯಾವ ಎಡ್ಜ್‌ಗೆ, ಮುಂದಿನಿಂದ ಹಿಂದಕ್ಕೋ ಹಿಂದಿನಿಂದ ಮುಂದಕ್ಕೋ, ಅದೇ ಕಾಲಿನಲ್ಲೋ ಕಾಲು ಬದಲಾಯಿಸಿಯೋ, ಇಷ್ಟನ್ನ ಗಮನಿಸಿದ್ರೆ ಆ ಹೆಸರುಗಳು ಬೇಗ ಬಿಡಿಸ್ಕೊಳ್ಳುತ್ವೆ. ಈ ಜೋಡಿಗೆ ಯಾವ ಟರ್ನ್ ನೀರು ಕುಡಿದಷ್ಟು ಸಲೀಸು, ಎಲ್ಲಿ ಹುಡುಗನ ಮಂಡಿ ಗಟ್ಟಿ ಆಗುತ್ತೆ, ಎಲ್ಲಿ ಇಬ್ಬರ ಮಧ್ಯೆ ಗ್ಯಾಪ್ ಬೀಳುತ್ತೆ ಅಂತ ನೋಟ್ ಮಾಡ್ಕೊಳ್ಳಿ. ಅವರ ದೇಹದಲ್ಲಿ ಆಗ್ಲೇ ಇರೋದರಿಂದ ಕಟ್ಟಿದ ಡ್ಯಾನ್ಸ್ ಸೀಸನ್ ಪೂರ್ತಿ ನಿಲ್ಲುತ್ತೆ, ನಮ್ಮ ಆಸೆಯಿಂದ ಕಟ್ಟಿದ್ದು ಎರಡನೇ ಕಾಂಪಿಟಿಷನ್‌ಗೆ ಬಿಚ್ಚಿಕೊಳ್ಳುತ್ತೆ.

ನಮಗೆ ನೆಲದಲ್ಲಿ ಒಂದು ತಟ್ಟು ಅಂದ್ರೆ ಒಂದು ಕ್ಷಣ, ಮುಗೀತು. ಐಸ್ ಮೇಲೆ ಒಂದು ಹೆಜ್ಜೆ ಇಟ್ರೆ ಅದು ಹೋಗ್ತಾನೇ ಇರುತ್ತೆ, ವಾಲ್ಟ್ಜ್‌ನ (ಮೂರರ ನಡೆಯ ಡ್ಯಾನ್ಸ್) ಒಂದು ಸ್ವಿಂಗ್ ರೋಲ್, ಅಂದ್ರೆ ಒಂದು ಕಾಲಲ್ಲಿ ಜಾರ್ತಾ ಇನ್ನೊಂದು ಕಾಲನ್ನ ತೂಗೋದು, ಆರು ಬೀಟ್‌ವರೆಗೂ ಒಂದೇ ಎಡ್ಜ್ ಮೇಲೆ ಹರಿಯುತ್ತೆ. ಆ ಆರು ಬೀಟ್‌ನಲ್ಲಿ ದೇಹ ಏನು ಹೇಳುತ್ತೆ ಅನ್ನೋದೇ ಕಂಪೋಸ್ ಮಾಡೋರ ನಿಜವಾದ ಕೆಲಸ. ಹೊಸಬರು ಗಾಬರಿಯಿಂದ ಅದರೊಳಗೆ ಹೆಜ್ಜೆ ತುರುಕ್ತಾರೆ, ಆಗ ಜೋಡಿ ವೇಗ ಕಳ್ಕೊಂಡು ಐಸ್ ಮೇಲೆ ನಡೆಯೋಕೆ ಶುರು ಮಾಡುತ್ತೆ. ನಿಮ್ಮ ಜತಿ ತಕಿಟ ತಕಧಿಮಿ ಅಂತ ಓಡ್ತಿದ್ರೆ ಪ್ರತಿ ಅಕ್ಷರಕ್ಕೂ ಕಾಲು ಕೊಡ್ಬೇಡಿ. ಕೆಲವಕ್ಕೆ ಕಾಲು ಕೊಡಿ, ಕೆಲವಕ್ಕೆ ಭುಜ, ಕೆಲವಕ್ಕೆ ಬರೀ ಮಂಡಿ. ಸಮದ ಮೇಲೆ, ಅಂದ್ರೆ ತಾಳದ ಮೊದಲ ಪೆಟ್ಟಿಗೆ, ಎಡ್ಜ್ ಬದಲಾದ್ರೆ ನೋಡೋರಿಗೆ ತಾಳ ಮೈಯಲ್ಲಿ ಬಂದ ಹಾಗೆ ಆಗುತ್ತೆ, ತಟ್ಟುವ ಶಬ್ದದ ಅವಶ್ಯಕತೆನೇ ಬೀಳಲ್ಲ. ಅರಮಂಡಿ ಅಭ್ಯಾಸ ಇರೋ ನಿಮಗೆ ಬಾಗಿದ ಮಂಡಿ ಹೊಸದಲ್ಲ, ಆದ್ರೆ ಅರಮಂಡಿ ಒಂದೇ ಎತ್ತರದಲ್ಲಿ ಕೂತಿರುತ್ತೆ, ಸ್ಕೇಟರ್ ಮಂಡಿ ಇಳೀಬೇಕು ಏಳ್ಬೇಕು, ಇಳಿದು ಎದ್ದಾಗಲೇ ತಳ್ಳೋ ಶಕ್ತಿ ಬರೋದು.

ಇನ್ನು ಮುದ್ರೆ. ಒಲಿಂಪಿಕ್ಸ್ ಸೈಜಿನ ರಿಂಕ್ 60 ಮೀಟರ್ ಉದ್ದ, 30 ಮೀಟರ್ ಅಗಲ. ಅಂಗೈ ಚಾಚೋ ಪತಾಕ, ಬೆರಳು ಅರಳಿಸೋ ಅಲಪದ್ಮ ದೂರದಿಂದಲೂ ಕಾಣುತ್ತೆ, ಬೆರಳ ತುದಿ ಕೂಡಿಸೋ ಹಂಸಾಸ್ಯ ಹಿಡಿದ್ರೆ ಯಾರಿಗೂ ಕಾಣಲ್ಲ. ಅದಕ್ಕಿಂತ ಮುಖ್ಯವಾದ್ದು ಏನಂದ್ರೆ ಸ್ಕೇಟರ್ ಕೈಗೆ ಬೇರೆ ಕೆಲಸ ಇದೆ. ಹುಡುಗಿ ಎಡಗಾಲಿನ ಔಟ್‌ಸೈಡ್ ಎಡ್ಜ್ ಮೇಲೆ ಮುಂದಕ್ಕೆ ಹೋಗ್ತಿದ್ದಾಳೆ ಅಂತ ಇಟ್ಕೊಳ್ಳಿ, ದಾರಿ ಎಡಕ್ಕೆ ಬಾಗ್ತಿದೆ. ತ್ರೀ ಟರ್ನ್ ಬರೋ ಮುಂಚೆ ಅವಳ ಭುಜ ಎಡಕ್ಕೆ ತಿರುಗಿರುತ್ತೆ, ಆಮೇಲೆ ಸೊಂಟ, ಕಾಲು ಫಟ್ ಅಂತ ತಿರುಗಿ ಅದೇ ಕಾಲಿನ ಇನ್‌ಸೈಡ್ ಎಡ್ಜ್ ಮೇಲೆ ಹಿಂದಕ್ಕೆ ಜಾರೋಕೆ ಶುರು ಆಗುತ್ತೆ, ಆ ಕ್ಷಣದಲ್ಲಿ ಭುಜ ಎದುರು ದಿಕ್ಕಿಗೆ ಬಿಗಿಯಾಗಿ ನಿಂತು ತಿರುಗೋದನ್ನ ತಡೀಬೇಕು. ತಡೀಲಿಲ್ಲ ಅಂದ್ರೆ ಸುತ್ತುತ್ತಾನೇ ಹೋಗ್ತಾಳೆ. ಸರಿಯಾಗಿ ಆ ಹೊತ್ತಿಗೆ ನೀವು ಎಡಗೈಯನ್ನ ಎದೆ ಮುಂದಿಂದ ತಂದು ಅಲಪದ್ಮ ಅರಳಿಸು ಅಂದ್ರೆ ತಡೆ ಹೋಯ್ತು, ಟರ್ನ್ ಹೋಯ್ತು, ಅವಳನ್ನ ಹಿಡಿದಿರೋ ಹುಡುಗನ ಬ್ಯಾಲೆನ್ಸೂ ಹೋಯ್ತು. ಅದೇ ಅಲಪದ್ಮವನ್ನ ಟರ್ನ್ ಮುಗಿದು ಎಡ್ಜ್ ಹಿಡಿದ ಮೇಲೆ, ಎರಡು ಬೀಟ್ ತಡವಾಗಿ, ಭುಜ ಅಲುಗಿಸದೆ ಮಣಿಕಟ್ಟಿನಿಂದ ಮಾತ್ರ ಅರಳಿಸಿದ್ರೆ ಚಂದವಾಗಿ ಕೂರುತ್ತೆ. ಕೋಚ್ ಹತ್ರ ಪ್ರತಿ ಟರ್ನ್‌ಗೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಯಾವ ಕೈ ಖಾಲಿ ಇದೆ?

ಆಮೇಲೆ ಕಾಗದ ತಗೊಂಡು ರಿಂಕ್ ಆಕಾರ ಬರೀರಿ, ಜಡ್ಜ್‌ಗಳು ಕೂರೋ ಉದ್ದದ ಪಕ್ಕ ಗುರುತು ಮಾಡಿ, ಹುಡುಗಿಗೆ ಒಂದು ಬಣ್ಣ ಹುಡುಗನಿಗೆ ಒಂದು ಬಣ್ಣದಲ್ಲಿ ದಾರಿ ಎಳೀರಿ. ಎಲ್ಲಾ ಒಂದೇ ಮೂಲೆಯಲ್ಲಿ ಸುತ್ತುತ್ತಾ ಇದ್ಯೋ, ಇಡೀ ಐಸ್ ಬಳಸಿದ್ದೀರೋ ಅನ್ನೋದು ಆ ಗೆರೆಗಳಲ್ಲೇ ಗೊತ್ತಾಗುತ್ತೆ. ಗೆಜ್ಜೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ, ಬೇಡ. ಡ್ರೆಸ್‌ನಿಂದ ಏನಾದ್ರೂ ಐಸ್ ಮೇಲೆ ಬಿದ್ರೆ ಒಂದು ಪಾಯಿಂಟ್ ಕಟ್, ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಒಂದು ಸಣ್ಣ ಮಣಿ ಬ್ಲೇಡ್‌ಗೆ ಸಿಕ್ಕಿದ್ರೂ ಮಕ್ಕಳು ಬೀಳ್ತಾರೆ.

ಪ್ರಶ್ನೆ: ಮಗಳಿಗೆ ಹದಿಮೂರು, ಅವಳ ಪಾರ್ಟ್ನರ್‌ಗೆ ಹದಿನೈದು. ಕೋಚ್ ಈ ಸಲ ಹಾಡನ್ನ ನೀವೇ ಸೂಚಿಸಿ ಅಂದಿದ್ದಾರೆ. ನನಗೆ ಕನ್ನಡ ಭಾವಗೀತೆ ಒಂದನ್ನ ಇಡ್ಬೇಕು ಅಂತ ತುಂಬಾ ಆಸೆ. ಆಗುತ್ತಾ?
— ಒಬ್ಬ ತಾಯಿ, ಮಿಶಿಗನ್

ಖಂಡಿತ ಆಗುತ್ತೆ, ನಿಮ್ಮ ಆಸೆ ಕೇಳಿ ನನಗೂ ಆಸೆ ಆಯ್ತು. ಐಸ್ ಡ್ಯಾನ್ಸ್‌ನಲ್ಲಿ ಸಾಹಿತ್ಯ ಇರೋ ಹಾಡಿಗೆ 1997-98ರಿಂದಲೇ ಒಪ್ಪಿಗೆ ಇದೆ (ಮಿಕ್ಕ ಸ್ಕೇಟಿಂಗ್ ವಿಭಾಗಗಳಿಗೆ ಅದು ಸಿಕ್ಕಿದ್ದು 2014-15ರಲ್ಲಿ), ಭಾಷೆ ಯಾವುದಾದ್ರೂ ಇರ್ಲಿ. ಆದ್ರೆ ಭಾವಗೀತೆ ಆರಿಸೋವಾಗ ಮನಸ್ಸು ಸ್ವಲ್ಪ ಗಟ್ಟಿ ಮಾಡ್ಕೊಬೇಕು ಅಮ್ಮ. ನಮಗೆ ಆ ಹಾಡು ಇಷ್ಟ ಆಗೋದು ಸಾಲಿನ ಅರ್ಥದಿಂದ, ಜಡ್ಜ್‌ಗಳಿಗೆ ಅರ್ಥ ತಲುಪಲ್ಲ, ಅವರಿಗೆ ತಲುಪೋದು ದನಿ, ಉಸಿರು, ತಾಳ. ಹಾಗಾಗಿ ಸಾಹಿತ್ಯ ಗೊತ್ತೇ ಇಲ್ಲದ ನಿಮ್ಮ ಪಕ್ಕದ ಮನೆಯವರಿಗೆ ಕೇಳಿಸಿ ನೋಡಿ, ಅವರ ಮುಖದಲ್ಲಿ ಏನಾದ್ರೂ ಬದಲಾದ್ರೆ ಆ ಹಾಡು ರಿಂಕ್‌ಗೆ ಬರಬಹುದು.

ಎರಡನೇದು ತಾಳ. ಕೆಲವು ಭಾವಗೀತೆಗಳಲ್ಲಿ ಹಾಡುವವರು ಸಾಲಿನ ಕೊನೆಗೆ ಎಳೀತಾರೆ, ತಬಲಾ ಅವರನ್ನ ಕಾಯುತ್ತೆ, ಕೇಳೋಕೆ ಹಿತ, ಆದ್ರೆ ಸ್ಕೇಟರ್ ಹೆಜ್ಜೆಗೆ ಆಧಾರ ಸಿಗಲ್ಲ. ಚಪ್ಪಾಳೆ ಹಾಕ್ತಾ ಕೇಳಿ, ಎಲ್ಲೆಲ್ಲಿ ಚಪ್ಪಾಳೆ ತಡವರಿಸುತ್ತೋ ಅಲ್ಲಿ ಹೆಜ್ಜೆನೂ ತಡವರಿಸುತ್ತೆ. ಮೂರರ ನಡೆಯ ಹಾಡು ಸಿಕ್ಕಿದ್ರೆ ಅದೃಷ್ಟ, ಯಾಕಂದ್ರೆ ಈ ಮಕ್ಕಳು ಐಸ್ ಡ್ಯಾನ್ಸ್ ಕಲಿಯೋಕೆ ಶುರು ಮಾಡೋದೇ ಸಾಮಾನ್ಯವಾಗಿ ಡಚ್ ವಾಲ್ಟ್ಜ್‌ನಿಂದ, ನಿಮಿಷಕ್ಕೆ 138 ಬೀಟ್, ಆ ಓಟ ಅವರ ಕಾಲಿನಲ್ಲಿ ಆಗ್ಲೇ ಕೂತಿರುತ್ತೆ.

ಮೂರನೇದು ಕತ್ತರಿ. ಜೂನಿಯರ್‌ಗೆ ಮೂರೂವರೆ ನಿಮಿಷ, ಅದಕ್ಕಿಂತ ಕೆಳಗಿನ ಹಂತಕ್ಕೆ ಇನ್ನೂ ಕಡಿಮೆ, ಸರಿಯಾದ ಲೆಕ್ಕ ಕೋಚ್ ಕೊಡ್ತಾರೆ. ನಮ್ಮ ಹಾಡುಗಳಿಗೆ ಶುರುವಿನಲ್ಲಿ ಉದ್ದನೆ ಕೊಳಲು ಇರುತ್ತೆ, ಪಲ್ಲವಿ ನಾಲ್ಕು ಸಲ ಬರುತ್ತೆ, ಕೊನೆಗೆ ಸೌಂಡ್ ನಿಧಾನಕ್ಕೆ ಕರಗಿ ಹೋಗುತ್ತೆ. ಕೊಳಲನ್ನ ಎಂಟು ಬೀಟ್‌ಗೆ ಇಳಿಸಿ, ಪಲ್ಲವಿಯನ್ನ ಎರಡೇ ಸಲ ಇಟ್ಕೊಳ್ಳಿ, ಮಧ್ಯದ ವಾದ್ಯದ ಭಾಗವನ್ನ ಟ್ವಿಜಲ್‌ಗೋ ಸ್ಟೆಪ್ ಸೀಕ್ವೆನ್ಸ್‌ಗೋ (ಬಿಡದೆ ಬರೋ ಹೆಜ್ಜೆಗಳ ಸಾಲು) ಬಿಡಿ, ಕೊನೆಗೆ ಮಾತ್ರ ಖಚಿತವಾದ ಒಂದು ನಿಲುಗಡೆ ಇರ್ಲೇಬೇಕು, ಇಬ್ಬರೂ ಒಟ್ಟಿಗೆ ನಿಂತಿದ್ದು ಕೊನೆ ಸೀಟಿನವರಿಗೂ ಗೊತ್ತಾಗ್ಬೇಕು. ಹಾಡು ಒಂದೇ ಗತಿಯಲ್ಲಿ ಹೋಗ್ತಿದ್ರೆ ನಡುವೆ ವೇಗದ ಭಾಗ ಒಂದನ್ನ ಸೇರಿಸ್ಬೇಕಾಗುತ್ತೆ, ಅದೇ ತಾಳದಲ್ಲಿ ಡೊಳ್ಳು ಅಥವಾ ಖಂಜಿರದ ತುಣುಕೊಂದನ್ನ ಗೊತ್ತಿರೋ ಕಲಾವಿದರ ಹತ್ರ ನುಡಿಸಿ ರೆಕಾರ್ಡ್ ಮಾಡಿಸಿದ್ರೆ ಜೋಡಿಸಿದ್ದು ಕಾಣಲ್ಲ. ಹಾಡಿನ ಹಕ್ಕು ಯಾರ ಹತ್ರ ಇದೆ ಅಂತ ಮೊದಲೇ ವಿಚಾರಿಸಿ ಒಪ್ಪಿಗೆ ತಗೊಳ್ಳಿ, ಡ್ಯಾನ್ಸ್ ಪೂರ್ತಿ ಕಟ್ಟಿದ ಮೇಲೆ ಹಾಡು ಬದಲಾಯಿಸೋದು ಮಕ್ಕಳಿಗೆ ಬಹಳ ಸಂಕಟ.

ಇನ್ನೊಂದು ಮಾತು. ಕೊನೆಗೆ ಹಾಡನ್ನ ಮಕ್ಕಳ ಕೈಗೆ ಕೊಟ್ಟು ಬಿಡಿ. ಆ ಹುಡುಗನಿಗೆ ಕನ್ನಡ ಬರಲ್ಲ ಅಂದ್ಕೊಳ್ತೀನಿ, ಅವನಿಗೆ ಪ್ರತಿ ಸಾಲನ್ನ ಕೂತು ಬಿಡಿಸಿ ಹೇಳಿ, ಯಾವ ಸಾಲಿಗೆ ಅವನು ನಿಮ್ಮ ಮಗಳ ಕಡೆ ನೋಡ್ಬೇಕು ಯಾವ ಸಾಲಿಗೆ ನೋಡ್ಬಾರ್ದು ಅನ್ನೋದು ಅವನಿಗೇ ಹೊಳೆಯುತ್ತೆ.

ಪ್ರಶ್ನೆ: ಟಾರ್ವಿಲ್ ಮತ್ತು ಡೀನ್ ಅವರ ‘ಬೊಲೆರೊ’ ಬಗ್ಗೆ ಇವತ್ತಿಗೂ ಅಷ್ಟು ಮಾತಾಡ್ತಾರಲ್ಲ, ಕಂಪೋಸಿಷನ್ ದೃಷ್ಟಿಯಿಂದ ಅದರಲ್ಲಿ ಅಂಥದ್ದೇನಿದೆ?
— ಸಂಗೀತ ವಿದ್ಯಾರ್ಥಿ, ಧಾರವಾಡ

ಇದರ ಬಗ್ಗೆ ಬರೀತಾ ಕೂತ್ರೆ ನಾನು ನಿಲ್ಲಿಸಲ್ಲ! ಜೇನ್ ಟಾರ್ವಿಲ್, ಕ್ರಿಸ್ಟಫರ್ ಡೀನ್, ಇಬ್ಬರೂ ಇಂಗ್ಲೆಂಡ್‌ನ ನಾಟಿಂಗ್‌ಹ್ಯಾಮ್‌ನವರು, ಜೇನ್ ಇನ್ಶೂರೆನ್ಸ್ ಆಫೀಸ್‌ನಲ್ಲಿ ಕ್ಲರ್ಕ್ ಆಗಿದ್ರು, ಕ್ರಿಸ್ಟಫರ್ ಪೊಲೀಸ್. 1984ರ ಫೆಬ್ರವರಿ 14ಕ್ಕೆ ಸರಯೇವೊ ಒಲಿಂಪಿಕ್ಸ್‌ನಲ್ಲಿ ಫ್ರೆಂಚ್ ಸಂಗೀತಗಾರ ರವೇಲ್‌ನ ‘ಬೊಲೆರೊ’ ಅನ್ನೋ ಕೃತಿಗೆ ಮಾಡಿದ ಫ್ರೀ ಡ್ಯಾನ್ಸ್ ಅದು. ಆಗ ಪೂರ್ಣಾಂಕ 6.0, ಅವರಿಗೆ ಆ ಡ್ಯಾನ್ಸ್‌ಗೆ ಬಂದಿದ್ದು ಹನ್ನೆರಡು 6.0, ಕಲಾತ್ಮಕತೆಗೆ ಒಂಬತ್ತಕ್ಕೆ ಒಂಬತ್ತು ಜಡ್ಜ್‌ಗಳೂ ಕೊಟ್ಟಿದ್ರು.

ನೀವು ಸಂಗೀತದವರಾದ್ರಿಂದ ನಿಮಗೆ ಇದು ಬೇಗ ಅರ್ಥ ಆಗುತ್ತೆ. ಆ ಕಾಲದಲ್ಲಿ ಫ್ರೀ ಡ್ಯಾನ್ಸ್ ಅಂದ್ರೆ ಮೂರು ನಾಲ್ಕು ಹಾಡಿನ ತುಂಡು ಜೋಡಿಸಿ, ಒಂದು ಫಾಸ್ಟ್ ಒಂದು ಸ್ಲೋ ಮತ್ತೆ ಫಾಸ್ಟ್, ಜನ ಚಪ್ಪಾಳೆ ಹಾಕೋ ಹಾಗೆ ಮುಗಿಸೋದು. ಇವರು ತಗೊಂಡಿದ್ದು ಒಂದೇ ಕೃತಿ, ಅದರಲ್ಲೂ ಒಂದೇ ತಾಳ, ಎರಡೇ ಸ್ವರಮಾಲೆ ಮತ್ತೆ ಮತ್ತೆ ಬರೋದು, ಬದಲಾಗೋದು ಹೆಚ್ಚಾಗಿ ವಾದ್ಯ ಮತ್ತು ಜೋರು. ಹಾಗಾಗಿ ಡ್ಯಾನ್ಸೂ ಒಂದೇ ಏರಿನಲ್ಲಿ ಕಟ್ಟಬೇಕಾಯ್ತು, ಮಧ್ಯೆ ಎಲ್ಲೂ ‘ಇಲ್ಲಿಗೆ ಒಂದು ಐಟಂ ಮುಗೀತು’ ಅನ್ನೋ ಜಾಗ ಇಲ್ಲ. ಲಿಫ್ಟ್ (ಜೊತೆಯವರನ್ನ ಎತ್ತೋದು) ಬಂದ್ರೂ ಅದು ಹಿಂದಿನ ಹೆಜ್ಜೆಯಿಂದ ಹುಟ್ಟಿ ಮುಂದಿನ ಹೆಜ್ಜೆಗೆ ಇಳಿಯುತ್ತೆ. ಕೂಡಿ ಬಾಳೋಕಾಗದ ಇಬ್ಬರು ಪ್ರೇಮಿಗಳು ಜ್ವಾಲಾಮುಖಿ ಹತ್ತಿ ಹಾರೋ ಕಥೆ, ಕೊನೆಯಲ್ಲಿ ಇಬ್ಬರೂ ಐಸ್ ಮೇಲೆ ಬಿದ್ದು ಚಾಚಿಕೊಳ್ತಾರೆ. ಬಹುಮಾನಕ್ಕೆ ಕುಣಿಯೋರು ಆಗ ಹಾಗೆ ನೆಲಕ್ಕೆ ಬೀಳ್ತಾ ಮುಗಿಸ್ತಿರ್ಲಿಲ್ಲ.

ಶುರುವಿನ ಕಥೆ ನಿಮಗೆ ಗೊತ್ತಿರಬಹುದು. ಮೂಲ ಕೃತಿ ಕಾಲು ಗಂಟೆಯಷ್ಟು ಉದ್ದ, ಎಷ್ಟೇ ಇಳಿಸಿದ್ರೂ 4 ನಿಮಿಷ 28 ಸೆಕೆಂಡ್‌ಗಿಂತ ಕಡಿಮೆ ಆಗ್ಲಿಲ್ಲ, ರೂಲ್ ಪ್ರಕಾರ 4 ನಿಮಿಷ 10 ಸೆಕೆಂಡ್‌ಗೆ ಮುಗಿಸ್ಬೇಕು. ಆಗಿನ ರೂಲ್‌ನಲ್ಲಿ ಗಡಿಯಾರ ಶುರು ಆಗ್ತಿದ್ದಿದ್ದು ಬ್ಲೇಡ್ ಐಸ್ ಮುಟ್ಟಿ ಸ್ಕೇಟಿಂಗ್ ಶುರು ಆದಾಗ. ಅದಕ್ಕೆ ಅವರು ಮೊದಲ 18 ಸೆಕೆಂಡು ಮಂಡಿ ಮೇಲೆ ಕೂತು, ಎದುರುಬದುರಾಗಿ, ಬ್ಲೇಡ್ ಐಸ್‌ಗೆ ತಾಗಿಸದೆ ಬರೀ ಮೈ ತೂಗಿದ್ರು. ಇದನ್ನ ಜನ ಜಾಣತನ ಅಂತ ಹೇಳಿ ಬಿಟ್ಟುಬಿಡ್ತಾರೆ, ನನಗೆ ಅದಕ್ಕಿಂತ ದೊಡ್ಡದು ಕಾಣುತ್ತೆ. ಆ 18 ಸೆಕೆಂಡ್‌ನಲ್ಲಿ ತಾಳ ಅವರ ಮೈಗೆ ಇಳಿಯೋದನ್ನ ನಾವು ನೋಡ್ತೀವಿ, ಮೊದಲ ಎಡ್ಜ್ ಬೀಳೋ ಹೊತ್ತಿಗೆ ನಮಗೂ ಆ ತಾಳ ಹಿಡಿದಿರುತ್ತೆ. ರೂಲ್ ಹಾಕಿದ ಕಟ್ಟಿನಿಂದಲೇ ಆ ಡ್ಯಾನ್ಸ್‌ನ ಅತ್ಯಂತ ಸುಂದರ ಭಾಗ ಬಂತು. ಈಗ ಹಾಗೆ ಮಾಡೋಕಾಗಲ್ಲ, ಸ್ಕೇಟರ್ ಅಲುಗಾಡಿದ ಕ್ಷಣದಿಂದಲೇ ಗಡಿಯಾರ ಓಡುತ್ತೆ. ವಿಡಿಯೊ ಸಿಗುತ್ತೆ, ಒಂದು ಸಲ ಸೌಂಡ್ ಆಫ್ ಮಾಡಿ ನೋಡಿ, ತಾಳ ಆಗ್ಲೂ ಕಾಣುತ್ತೆ.

ಪ್ರಶ್ನೆ: ನನ್ನ ಮಗ ಮಗಳು ಇಬ್ಬರೂ ಒಟ್ಟಿಗೆ ಐಸ್ ಡ್ಯಾನ್ಸ್ ಮಾಡ್ತಾರೆ. ಎಲ್ಲಾ ಪ್ರೋಗ್ರಾಂನಲ್ಲೂ ಲವ್ ಸ್ಟೋರಿನೇ ಇರುತ್ತಲ್ಲ, ಅಣ್ಣ ತಂಗಿ ಏನು ಮಾಡ್ಬೇಕು? ಸಂಬಂಧಿಕರು ಬೇರೆ ಏನೇನೋ ಅಂತಾರೆ.
— ಒಬ್ಬ ತಂದೆ, ನ್ಯೂಜೆರ್ಸಿ

ಸಂಬಂಧಿಕರ ಮಾತು ಬಿಟ್ಟಾಕಿ ಸರ್. 2018ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅಮೆರಿಕದ ಮಾಯಾ ಮತ್ತು ಅಲೆಕ್ಸ್ ಶಿಬುತಾನಿ ಅಣ್ಣ ತಂಗಿ. 1991ರಲ್ಲಿ ವಿಶ್ವ ಚಾಂಪಿಯನ್ ಆಗಿ 1992ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಫ್ರಾನ್ಸ್‌ನ ಇಸಬೆಲ್ ಮತ್ತು ಪಾಲ್ ದುಶೇನೆ ಕೂಡ ಒಡಹುಟ್ಟಿದವರೇ, ಅವರಿಗೆ ಡ್ಯಾನ್ಸ್ ಕಂಪೋಸ್ ಮಾಡ್ತಿದ್ದವರು ಮೇಲೆ ಹೇಳಿದ ಕ್ರಿಸ್ಟಫರ್ ಡೀನ್. ಕಾಡಿನ ಡೋಲು, ಕಳೆದುಹೋದ ಮನುಷ್ಯರು ಇಂಥ ವಿಷಯಗಳನ್ನ ತಗೊಂಡು ಆ ಜೋಡಿ ಐಸ್ ಡ್ಯಾನ್ಸ್‌ನ ಮುಖವನ್ನೇ ಬದಲಾಯಿಸ್ತು.

ಅಣ್ಣ ತಂಗಿ ಅಂದ್ರೆ ಒಂದೇ ಮನೆ, ಒಂದೇ ಥರದ ಮೈಕಟ್ಟು, ಒಬ್ಬರ ಉಸಿರು ಇನ್ನೊಬ್ಬರಿಗೆ ಚಿಕ್ಕಂದಿನಿಂದ ಗೊತ್ತು, ಇಬ್ಬರೂ ಅಕ್ಕಪಕ್ಕ ಒಂದೇ ಥರ ತಿರುಗೋ ಟ್ವಿಜಲ್ ಅವರಿಗೆ ಕೈಗೆ ಸಿಕ್ಕ ವರ. ಕಥೆಗೆ ಬೇಕಾದಷ್ಟಿದೆ, ಆಟ, ಪೈಪೋಟಿ, ಜಗಳ, ಒಬ್ಬರು ಊರು ಬಿಟ್ಟು ಹೋಗೋದು, ಬರೀ ಗಾಳಿ ನೀರಿನ ಚಲನೆ ಆದ್ರೂ ಆಯ್ತು. ವಾಲ್ಟ್ಜ್ ಹೋಲ್ಡ್‌ನಲ್ಲಿ ಎದುರುಬದುರು ನಿಂತು ಕಣ್ಣು ಕೂಡಿಸೋ ಬದಲು ಕಿಲಿಯನ್ ಹೋಲ್ಡ್ ಜಾಸ್ತಿ ಬಳಸಿ, ಅಂದ್ರೆ ಇಬ್ಬರೂ ಪಕ್ಕಪಕ್ಕ ಒಂದೇ ದಿಕ್ಕಿಗೆ ಮುಖ ಮಾಡಿ ಹೋಗೋದು. ಇಬ್ಬರೂ ಒಂದೇ ದೂರದ ಕಡೆ ನೋಡ್ತಿದ್ರೆ ಅಲ್ಲೇ ಒಡಹುಟ್ಟು ಕಾಣಿಸುತ್ತೆ.

ಪ್ರಶ್ನೆ: ನಾನು ಕಾಲೇಜಲ್ಲಿ ಕಂಟೆಂಪರರಿ ಡ್ಯಾನ್ಸ್ ಮಾಡ್ತೀನಿ, ಲಿಫ್ಟ್‌ಗಳು ಅಂದ್ರೆ ಪ್ರಾಣ. ಐಸ್ ಡ್ಯಾನ್ಸ್ ಲಿಫ್ಟ್ ಹೇಗೆ ಕಟ್ತಾರೆ? ಭಯ ಆಗಲ್ವಾ?
— ವಿದ್ಯಾರ್ಥಿನಿ, ಬೆಂಗಳೂರು

ಭಯ ಆಗುತ್ತೆ, ಆಗ್ಬೇಕು ಕೂಡ, ಅದಕ್ಕೇ ಮೊದಲು ನೆಲದ ಮೇಲೆ, ಮ್ಯಾಟ್ ಹಾಕಿ, ಶೂನಲ್ಲಿ ಕಲೀತಾರೆ. ಆಮೇಲೆ ಐಸ್ ಮೇಲೆ ನಿಂತಲ್ಲೇ, ಆಮೇಲೆ ನಿಧಾನಕ್ಕೆ ಜಾರ್ತಾ, ಕೊನೆಗೆ ಪೂರ್ತಿ ವೇಗದಲ್ಲಿ. ನಿನ್ನ ಕಂಟೆಂಪರರಿ ಲಿಫ್ಟ್‌ಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಅಂದ್ರೆ ಇಲ್ಲಿ ಎತ್ತೋನ ಕಾಲ ಕೆಳಗೆ ನೆಲ ಗಟ್ಟಿಯಾಗಿಲ್ಲ, ಅವನು ತಾನೂ ಒಂದು ಎಡ್ಜ್ ಮೇಲೆ ಬಾಗ್ತಾ ಹೋಗ್ತಿರ್ತಾನೆ. ಅವನ ತೋಳಿನ ಬಲಕ್ಕಿಂತ ಆ ಬಾಗಿನ ಬಲ ದೊಡ್ಡದು. ಇಬ್ಬರೂ ವೇಗದಲ್ಲಿ ಒಂದು ತಿರುವಿಗೆ ಬರ್ತಿದ್ದಾರೆ, ಅವನ ಮಂಡಿ ಇಳಿಯುತ್ತೆ, ಅದೇ ಬೀಟ್‌ಗೆ ಅವಳ ಮಂಡಿನೂ ಇಳಿದು ಏಳುತ್ತೆ, ಅವಳು ಅರ್ಧ ತಾನೇ ಎದ್ದಿರ್ತಾಳೆ, ಮಿಕ್ಕ ಅರ್ಧ ತಿರುವು ಎತ್ತುತ್ತೆ. ಅವಳು ಗೋಣಿಚೀಲದ ಥರ ಮೈ ಬಿಟ್ಟು ಕೂತ್ರೆ ಎಂಥ ಪೈಲ್ವಾನನಿಗೂ ಆಗಲ್ಲ, ಅವಳ ಹೊಟ್ಟೆಯ ಸ್ನಾಯು ಬಿಗಿ ಇದ್ರೆ ಸಾಧಾರಣ ಮೈಕಟ್ಟಿನ ಹುಡುಗನೂ ಒಂದೇ ಕಾಲಿನ ಮೇಲೆ ಹೊತ್ತು ಹೋಗ್ತಾನೆ.

ಶಾರ್ಟ್ ಲಿಫ್ಟ್‌ಗೆ 7 ಸೆಕೆಂಡು, ಮೀರಿದ್ರೆ ಒಂದು ಪಾಯಿಂಟ್ ಹೋಗುತ್ತೆ. ಏಳು ಸೆಕೆಂಡು ಬಹಳ ಕಡಿಮೆ ಅನ್ಸುತ್ತೆ, ಸ್ಟಾಪ್‌ವಾಚ್ ಹಿಡ್ಕೊಂಡು ಗೋಡೆಗೆ ಒರಗಿ ಎಣಿಸಿ ನೋಡು, ಹತ್ತೋದು, ಒಂದು ಆಕಾರ, ಇನ್ನೊಂದು ಆಕಾರ, ಇಳಿಯೋದು ಎಲ್ಲಾ ಕೂರುತ್ತೆ. ನಿಂತಲ್ಲೇ ತಿರುಗೋದು, ನೇರ ಹೋಗೋದು, ಬಾಗಿ ಹೋಗೋದು, ತಿರುಗ್ತಾ ಸಾಗೋದು ಅಂತ ನಾಲ್ಕು ಥರ ಇದೆ. ನಾನು ಜೋಡಿಗಳಿಗೆ ಹೇಳೋದು ಏನಂದ್ರೆ ಲಿಫ್ಟ್‌ನ ಫೋಟೊ ಆಕಾರದಿಂದ ಶುರು ಮಾಡ್ಬೇಡಿ, ಇಳಿಯೋದರಿಂದ ಶುರು ಮಾಡಿ. ಅವಳು ಯಾವ ಕಾಲಿನ ಯಾವ ಎಡ್ಜ್ ಮೇಲೆ ಇಳೀತಾಳೆ, ಇಳಿದ ಮೇಲೆ ಯಾವ ದಿಕ್ಕಿಗೆ ಹರೀತಾಳೆ ಅನ್ನೋದು ಗೊತ್ತಾದ್ರೆ ಮೇಲಿನ ಆಕಾರ ತಾನಾಗಿ ಸಿಗುತ್ತೆ. ಇಳಿದು ಎರಡು ಕಾಲಲ್ಲಿ ನಿಂತು ಸಾವರಿಸ್ಕೊಂಡು ಮುಂದೆ ಹೋದ್ರೆ ಎಷ್ಟೇ ಚಂದದ ಲಿಫ್ಟ್ ಆದ್ರೂ ಹಾಡಿನಿಂದ ಕಿತ್ತು ಬಂದ ಹಾಗೆ ಕಾಣುತ್ತೆ.

ಇನ್ನೊಂದು ಸಂಗತಿ. ಟೆಸಾ ವರ್ಚು ಮತ್ತು ಸ್ಕಾಟ್ ಮೋಯರ್, ಕೆನಡಾದವರು, 2010 ಮತ್ತು 2018 ಎರಡರಲ್ಲೂ ಚಿನ್ನ. 2018ರ ‘ಮೂಲಾ ರೂಜ್’ ಪ್ರೋಗ್ರಾಂನಲ್ಲಿ ಒಂದು ಲಿಫ್ಟ್ ಸ್ವಲ್ಪ ಅತಿ ಆಯ್ತು ಅಂತ ಮಾತು ಬಂದಾಗ ಒಲಿಂಪಿಕ್ಸ್‌ಗೆ ಮುಂಚೆ ಅದನ್ನ ಬದಲಾಯಿಸಿದ್ರು. ಅಷ್ಟು ದೊಡ್ಡ ಜೋಡಿ ಅಷ್ಟು ಕೊನೆ ಹೊತ್ತಿನಲ್ಲೂ ತಿದ್ದುತ್ತೆ. ಲಿಫ್ಟ್ ಮೇಲೆ ಪ್ರಾಣ ಇಡು, ಆದ್ರೆ ಒಂದು ಲಿಫ್ಟ್ ಮೇಲೆ ಹಠ ಇಡ್ಬೇಡ.

ಪ್ರಶ್ನೆ: ನಮ್ಮಲ್ಲಿ ಐಸ್ ರಿಂಕ್ ಇಲ್ಲ, ರೋಲರ್ ಸ್ಕೇಟಿಂಗ್ ಮಕ್ಕಳು ಇದ್ದಾರೆ. ಹುಲಿವೇಷದ ತಾಸೆ ಬಡಿತಕ್ಕೆ ಒಂದು ಜೋಡಿ ಡ್ಯಾನ್ಸ್ ಮಾಡಿಸ್ಬೇಕು ಅಂತಿದೆ. ಐಸ್ ಡ್ಯಾನ್ಸ್ ರೀತಿ ಕಂಪೋಸ್ ಮಾಡಬಹುದಾ?
— ಸ್ಕೇಟಿಂಗ್ ಕೋಚ್, ಉಡುಪಿ

ಮಾಡಬಹುದು, ಮಾಡಿ ವಿಡಿಯೊ ಕಳಿಸಿ! ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್‌ನಲ್ಲಿ ಕಪಲ್ಸ್ ಡ್ಯಾನ್ಸ್ ಅಂತಲೇ ವಿಭಾಗ ಇದೆ. ಸ್ಪೀಡ್‌ಗೆ ಬಳಸೋ ಇನ್‌ಲೈನ್ ಬೇಡ, ನಾಲ್ಕು ಗಾಲಿಯ ಕ್ವಾಡ್ ಸ್ಕೇಟ್ ತಗೊಳ್ಳಿ, ಅದರಲ್ಲಿ ಪಾದ ವಾಲಿಸಿದ್ರೆ ಗಾಲಿ ತಿರುಗಿ ಸ್ಕೇಟ್ ಬಾಗುತ್ತೆ, ಹಾಗಾಗಿ ಎಡ್ಜ್, ತ್ರೀ ಟರ್ನ್, ಮೊಹಾಕ್ ಎಲ್ಲಾ ಅಲ್ಲೂ ಇವೆ. ಗಾಲಿ ಐಸ್‌ನಷ್ಟು ದೂರ ಹರಿಯಲ್ಲ, ವೇಗ ಬೇಗ ಇಳಿಯುತ್ತೆ, ಆರು ಬೀಟ್ ಒಂದೇ ಎಡ್ಜ್ ಕೊಡೋ ಕಡೆ ಮೂರೋ ನಾಲ್ಕೋ ಕೊಡಿ, ನಡುವೆ ತಳ್ಳೋಕೆ ಜಾಗ ಇಡಿ.

ತಾಸೆ ಬಡಿತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದು ಒಂದೇ ಸಮನೆ ಉರುಳುತ್ತೆ, ಪೂರ್ತಿ ಮೂರು ನಿಮಿಷ ಅದನ್ನೇ ಇಟ್ರೆ ಮಕ್ಕಳಿಗೆ ಸುಸ್ತು, ನೋಡೋರಿಗೂ ಕಿವಿ ತುಂಬಿಬಿಡುತ್ತೆ. ಶುರುವಿನಲ್ಲಿ ಒಂದೇ ತಾಸೆ, ಮೆಲ್ಲಗೆ, ಇಬ್ಬರು ದೂರ ದೂರ ಇರ್ಲಿ, ಹೊಂಚು ಹಾಕೋ ಹುಲಿ ಥರ ಮಂಡಿ ಆಳಕ್ಕೆ ಇಳಿಸಿ ದೊಡ್ಡ ದೊಡ್ಡ ಬಾಗುಗಳಲ್ಲಿ ಒಬ್ಬರನ್ನೊಬ್ಬರು ಸುತ್ತಲಿ. ಡೋಲು ಸೇರಿದಾಗ ಹತ್ರ ಬರ್ಲಿ, ಹೋಲ್ಡ್ ಆಗ ಬರ್ಲಿ. ಪೂರ್ತಿ ಜೋರಾದಾಗ ಸ್ಟೆಪ್ ಸೀಕ್ವೆನ್ಸ್, ಇಬ್ಬರೂ ಎರಡು ತೋಳಿನಷ್ಟು ಅಂತರಕ್ಕಿಂತ ದೂರ ಹೋಗದ ಹಾಗೆ, ಇದು ಐಸ್ ಡ್ಯಾನ್ಸ್‌ನ ಹಳೇ ಲೆಕ್ಕ, ಜೋಡಿ ಅನ್ನೋದು ಅಲ್ಲೇ ಉಳಿಯೋದು. ಹುಲಿ ಕುಣಿತದ ನೆಗೆತ, ಪಲ್ಟಿ ಇವನ್ನ ಸ್ಕೇಟ್ ಮೇಲೆ ಮಾಡಿಸೋಕೆ ಹೋಗ್ಬೇಡಿ, ಆ ಹೆಗಲಿನ ಕುಲುಕು ಮತ್ತು ಕತ್ತಿನ ಹೊರಳು ಸಾಕು, ಅದನ್ನ ಸಮಕ್ಕೆ ಸರಿಯಾಗಿ ಇಡಿ. ಮೈಗೆ ಬಣ್ಣ ಹಾಕೋದಾದ್ರೆ ಕೈಗೆ ಬೇಡ, ಬಣ್ಣದ ಕೈ ಬೆವರಿಗೆ ಜಾರುತ್ತೆ, ಹೋಲ್ಡ್ ತಪ್ಪುತ್ತೆ. ಪ್ರಾಕ್ಟೀಸ್‌ಗೆ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಬ್ಬರ ದಾರಿನೂ ಬರೆದುಕೊಳ್ಳಿ, ಮೊದಲ ವಾರ ತಾಸೆ ಇಲ್ಲದೆ, ನೀವೇ ಬಾಯಲ್ಲಿ ಎಣಿಸ್ತಾ ನಡೆಸಿ.